ಕತ್ತರಿಸದೆ ಬಿಟ್ಟ ಜಾಗ

ಎರಡು ಪಟ್ಟಿ ಬರಬೇಕಿದ್ದ ಕಡೆ ಎಂಟು ಬಂದಿದ್ದವು. ನಾನು ಲ್ಯಾಬ್‌ಗೆ ಸೇರಿದ ಮೊದಲ ವರ್ಷ. ರಾತ್ರಿ ಡಿಎನ್‌ಎಗೆ ಅದನ್ನು ಕತ್ತರಿಸುವ ಕಿಣ್ವ ಬೆರೆಸಿಟ್ಟು ಹೋಗಿ, ಬೆಳಿಗ್ಗೆ ಬಂದು, ತುಂಡುಗಳನ್ನು ಉದ್ದದ ಪ್ರಕಾರ ಪಟ್ಟಿಗಳಾಗಿ ಬಿಡಿಸುವ ಜೆಲ್ ಓಡಿಸಿ, ಯುವಿ ಬೆಳಕಿನ ಮೇಲಿಟ್ಟು ನೋಡಿದರೆ ಈ ದೃಶ್ಯ. ನನ್ನ ಪ್ಲಾಸ್ಮಿಡ್‌ನಲ್ಲಿ ಇಕೋಆರ್‌ಒನ್ ಎಂಬ ಕಿಣ್ವ ಕತ್ತರಿಸಬಹುದಾದ ಜಾಗ ಇದ್ದದ್ದು ಎರಡೇ. ಬಳೆಯ ಹಾಗಿರುವ ಈ ಪುಟ್ಟ ಡಿಎನ್‌ಎಯನ್ನು ಎರಡು ಕಡೆ ಕತ್ತರಿಸಿದರೆ ಎರಡು ತುಂಡಾಗಬೇಕು. ಟ್ಯೂಬು ಅದಲುಬದಲಾಗಿರಬೇಕು ಎಂದುಕೊಂಡು ಮತ್ತೆ ಮಾಡಿದೆ. ಮತ್ತೆ ಅದೇ ಎಂಟು ಪಟ್ಟಿ, ಅದೇ ಜಾಗಗಳಲ್ಲಿ. ಕಸದ ಡಿಎನ್‌ಎ ಸೇರಿಕೊಂಡಿದ್ದರೆ ಎರಡು ದಿನವೂ ಒಂದೇ ಥರ ಬರುವುದಿಲ್ಲ. ಅಂದರೆ ಕಿಣ್ವವೇ ಕತ್ತರಿಸಬಾರದ ಕಡೆ ಕತ್ತರಿಸುತ್ತಿತ್ತು, ಅದೂ ಒಂದು ಕ್ರಮದಲ್ಲಿ.

ಲ್ಯಾಬ್‌ನ ಹಿರಿಯರೊಬ್ಬರು ಫೋಟೋ ನೋಡಿ, ಎಷ್ಟು ಎಂಜೈಮ್ ಹಾಕಿದ್ದೆ ಎಂದು ಕೇಳಿದರು. ಬೇಗ ಮುಗಿಯಲಿ ಅಂತ ಜಾಸ್ತಿ ಹಾಕಿದ್ದೆ. ಕಿಣ್ವಗಳನ್ನು ಅರ್ಧದಷ್ಟು ಗ್ಲಿಸರಾಲ್ ಬೆರೆಸಿದ ದ್ರಾವಣದಲ್ಲಿ ಇಟ್ಟಿರುತ್ತಾರೆ, ಫ್ರೀಜರ್‌ನಲ್ಲಿ ಹೆಪ್ಪುಗಟ್ಟದಿರಲಿ ಅಂತ. ಅದಕ್ಕೇ ಕಿಣ್ವ ಒಟ್ಟು ಪ್ರಮಾಣದ ಹತ್ತನೇ ಒಂದು ಭಾಗ ಮೀರಬಾರದು, ಗ್ಲಿಸರಾಲ್ ಶೇಕಡಾ 5ರ ಒಳಗಿರಬೇಕು ಎಂಬ ನಿಯಮ. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವರು ಫೋಟೋ ವಾಪಸು ಕೊಡುತ್ತಾ, "ಎಂಜೈಮ್ ಸರಿಯಾಗೇ ಇದೆ. ನೀನು ಅದಕ್ಕೆ ಕೊಟ್ಟ ನೀರು ಸರಿಯಿಲ್ಲ" ಅಂದರು.

ಈ ತಪ್ಪಿಗೆ ಸ್ಟಾರ್ ಆಕ್ಟಿವಿಟಿ ಎಂಬ ಹೆಸರಿದೆ, 1975ರಿಂದಲೇ ಇದು ಗೊತ್ತಿರುವ ವಿಷಯ ಎಂದು ಅವತ್ತು ಸಂಜೆ ಓದಿ ತಿಳಿದುಕೊಂಡೆ. ತಿಳಿದ ಮೇಲೂ ಸಮಾಧಾನವಾಗಲಿಲ್ಲ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಡಿಎನ್‌ಎಯ ಲಕ್ಷಾಂತರ ಅಕ್ಷರಗಳ ನಡುವೆ ತನ್ನ ಆರೇ ಅಕ್ಷರಗಳನ್ನು ಹುಡುಕಿ ಹಿಡಿಯುವ ಪ್ರೋಟೀನು, ನಾಲ್ಕು ಹನಿ ಗ್ಲಿಸರಾಲ್‌ಗೆ ಅದನ್ನು ಮರೆಯುತ್ತದೆಯೇ? ಹಾಗಾದರೆ ಆ ಅರಿವು ಅದರೊಳಗೆ ಎಲ್ಲಿತ್ತು? ಆಮೇಲೆ ನಾನು ಮಾಡಿದ ಕೆಲಸವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಪ್ರಶ್ನೆಯ ಸುತ್ತಲೇ ತಿರುಗಿದೆ.

ಹದಿನೆಂಟು ನೆರೆಯವರು

ಇಕೋಆರ್‌ಒನ್ ಗುರುತಿಸುವ ಪದ ಜಿಎಎಟಿಟಿಸಿ. ಪಾಠ ಹೇಳುವಾಗ ಇದನ್ನು ವಿಕಟಕವಿಗೆ ಹೋಲಿಸುವುದು ವಾಡಿಕೆ, ನಾನೂ ಹಾಗೇ ಕಲಿತೆ. ಆದರೆ ಒಂದು ವ್ಯತ್ಯಾಸವಿದೆ. ವಿಕಟಕವಿಯನ್ನು ಅದೇ ಸಾಲಿನಲ್ಲಿ ಹಿಂದಿನಿಂದ ಓದುತ್ತೇವೆ. ಡಿಎನ್‌ಎಯಲ್ಲಿ ಎದುರಿನ ಎಳೆಗೆ (ಎ ಎದುರು ಟಿ, ಜಿ ಎದುರು ಸಿ) ಹೋಗಿ, ಅದರ ದಿಕ್ಕಿನಲ್ಲಿ ಓದಬೇಕು, ಆಗ ಮತ್ತೆ ಜಿಎಎಟಿಟಿಸಿ ಸಿಗುತ್ತದೆ. ಹಾಗಾಗಿಯೇ ಈ ಕಿಣ್ವ ಒಂದೇ ಥರದ ಎರಡು ಪ್ರತಿಗಳು ಜೋಡಿಯಾಗಿ ಕೆಲಸ ಮಾಡುತ್ತದೆ. ಎರಡೂ ಎದುರುಬದುರು ನಿಂತು, ಒಂದೊಂದು ಪ್ರತಿ ಒಂದೊಂದು ಎಳೆಯನ್ನು ಕತ್ತರಿಸುತ್ತದೆ.

ನಾಲ್ಕು ಅಕ್ಷರಗಳ ಲಿಪಿಯಲ್ಲಿ ಆರಕ್ಷರದ ನಿರ್ದಿಷ್ಟ ಪದವೊಂದು ಸರಾಸರಿ 4,096 ಅಕ್ಷರಕ್ಕೊಮ್ಮೆ ಬರುತ್ತದೆ. ಈ ಕಿಣ್ವ ತಯಾರಾಗುವುದು ಇ. ಕೋಲಿ ಬ್ಯಾಕ್ಟೀರಿಯಾದ ಒಂದು ತಳಿಯಲ್ಲಿ. ಇ. ಕೋಲಿಯ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ, ಸುಮಾರು 46 ಲಕ್ಷ ಅಕ್ಷರಗಳದ್ದು, ಅಂದರೆ ಈ ಪದ ಅದರಲ್ಲೇ ನೂರಾರು ಕಡೆ ಇದೆ. ಮನೆಯ ತುಂಬ ಹರಿತವಾದ ಕತ್ತರಿ ಇಟ್ಟುಕೊಂಡು ಬದುಕುವುದು ಹೇಗೆ ಎಂಬುದಕ್ಕೆ ಎಲ್ಲ ಪುಸ್ತಕಗಳೂ ಕೊಡುವ ಉತ್ತರ ಮಿಥೈಲ್ ಗುಂಪು ಎಂಬ ಸಣ್ಣ ರಾಸಾಯನಿಕ ಗುರುತು. ಬ್ಯಾಕ್ಟೀರಿಯಾ ಇನ್ನೊಂದು ಕಿಣ್ವದ ಕೈಯಲ್ಲಿ ತನ್ನ ಪ್ರತಿಯೊಂದು ಜಿಎಎಟಿಟಿಸಿಯ ಎರಡನೇ ಎ ಮೇಲೆ ಮಿಥೈಲ್ ಅಂಟಿಸಿಡುತ್ತದೆ. ಗುರುತು ಇದ್ದರೆ ತನ್ನದು, ಇಲ್ಲದಿದ್ದರೆ ಒಳನುಗ್ಗಿದ ವೈರಸ್ಸಿನದು.

ಈ ಉತ್ತರ ಸರಿಯೇ. ಆದರೆ ಆ ಎಂಟು ಪಟ್ಟಿ ನೋಡಿದ ಮೇಲೆ ಇದು ಅರ್ಧ ಉತ್ತರ ಅನ್ನಿಸತೊಡಗಿತು. ಆರಕ್ಷರದಲ್ಲಿ ಒಂದೇ ಒಂದು ಅಕ್ಷರ ತಪ್ಪಿರುವ ಪದಗಳು ಎಷ್ಟಿರಬಹುದು? ಆರು ಸ್ಥಾನ, ಪ್ರತಿ ಸ್ಥಾನದಲ್ಲೂ ಮೂರು ಬದಲಿ, ಒಟ್ಟು ಹದಿನೆಂಟು. ಅಂದರೆ ಒಂದು ಸರಿಯಾದ ಜಾಗಕ್ಕೆ ಹದಿನೆಂಟು ಪಟ್ಟು ಹೆಚ್ಚು "ಹೆಚ್ಚುಕಡಿಮೆ ಸರಿ" ಜಾಗಗಳಿವೆ. ಅವುಗಳ ಮೇಲೆ ಮಿಥೈಲ್ ಕಾವಲಿಲ್ಲ. ಅಲ್ಲಿ ಬ್ಯಾಕ್ಟೀರಿಯಾವನ್ನು ಕಾಯುತ್ತಿರುವುದು ಕಿಣ್ವದ ನಿರಾಕರಣೆ ಒಂದೇ. ಒಂದು ತಲೆಮಾರಿನಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಎರಡೂ ಎಳೆ ತುಂಡಾದರೂ ಜೀವಕ್ಕೆ ಅಪಾಯ. ನಾವು ಈ ಕಿಣ್ವಗಳನ್ನು ಕತ್ತರಿ ಅನ್ನುತ್ತೇವೆ. ಅವುಗಳ ದಿನದ ಬಹುಪಾಲು ಕೆಲಸ ಕತ್ತರಿಸದೆ ಇರುವುದು.

ಕತೆಯ ಹಿಂದಿನ ಭಾಗ ಬಯಾಲಜಿ ಓದಿದವರಿಗೆಲ್ಲ ಗೊತ್ತು: 1950ರ ದಶಕದ ಆರಂಭದಲ್ಲಿ ಕೆಲವು ಬ್ಯಾಕ್ಟೀರಿಯಾ ವೈರಸ್ಸನ್ನು ತಡೆಯುವುದನ್ನು ಕಂಡ ಲೂರಿಯಾ ಮತ್ತು ಬರ್ಟಾನಿಯವರ ಪ್ರಯೋಗಗಳು, ವರ್ನರ್ ಆರ್ಬರ್ ಅದಕ್ಕೆ ಕೊಟ್ಟ ವಿವರಣೆ, 1970ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ಶುದ್ಧೀಕರಿಸಿದ ಕಿಣ್ವ, ಮರುವರ್ಷವೇ ಡೇನಿಯಲ್ ನೇಥನ್ಸ್ ಅದರಿಂದ ಎಸ್‌ವಿ40 ವೈರಸ್ಸಿನ ಡಿಎನ್‌ಎಯನ್ನು 11 ತುಂಡು ಮಾಡಿ ತೋರಿಸಿದ್ದು, 1978ರಲ್ಲಿ ಆರ್ಬರ್, ಸ್ಮಿತ್, ನೇಥನ್ಸ್ ಮೂವರಿಗೂ ನೊಬೆಲ್. ಆ ಕತೆಯಲ್ಲಿ ಕಿಣ್ವ ಒಂದು ಉಪಕರಣ. ನನ್ನನ್ನು ಕಾಡಿದ್ದು ಅದು ಉಪಕರಣವಾಗುವುದಕ್ಕೆ ಮುಂಚಿನ ಬದುಕು.

ಹಿಡಿದರೂ ಕಡಿಯುವುದಿಲ್ಲ

ಸರಿಯಾದ ಜಾಗ ಸಿಕ್ಕಿದಾಗ ಮಾತ್ರ ಕಿಣ್ವ ಡಿಎನ್‌ಎಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಬೇರೆ ಕಡೆ ಜಾರಿಹೋಗುತ್ತದೆ, ಬೀಗಕ್ಕೆ ಬೀಗದ ಕೈ ಕೂತ ಹಾಗೆ. ಬಹುಕಾಲ ನಾನು ಹಾಗೇ ಅಂದುಕೊಂಡಿದ್ದೆ. ಈ ನಂಬಿಕೆ ಕಳಚಿದ್ದು ಇಕೋಆರ್‌ಫೈವ್ ಎಂಬ ಇನ್ನೊಂದು ಕಿಣ್ವದ ಬಗ್ಗೆ ಬ್ರಿಸ್ಟಲ್‌ನ ಹಾಲ್‌ಫರ್ಡ್ ಅವರ ಗುಂಪು ಮಾಡಿದ ಕೆಲಸ ಓದಿದಾಗ. ಕತ್ತರಿಸಲು ಬೇಕಾದ ಮೆಗ್ನೀಸಿಯಂ ಇಲ್ಲದಿದ್ದಾಗ ಅದು ಸರಿಯಾದ ಪದವನ್ನೂ ಬೇರೆ ಯಾವುದೇ ಪದವನ್ನೂ ಹೆಚ್ಚುಕಡಿಮೆ ಒಂದೇ ಬಿಗಿಯಲ್ಲಿ ಹಿಡಿಯುವುದನ್ನು ಅವರು ಕಂಡಿದ್ದರು. ಮೆಗ್ನೀಸಿಯಂ ಸೇರಿಸಿ ಕತ್ತರಿಸುವ ವೇಗ ಅಳೆದರೆ ಚಿತ್ರವೇ ಬೇರೆ: ಒಂದಕ್ಷರ ತಪ್ಪಿರುವ ಪದಕ್ಕೂ ಸರಿಯಾದ ಪದಕ್ಕೂ ಹತ್ತು ಲಕ್ಷ ಪಟ್ಟು ಅಂತರ.

ಆಮೇಲೆ ಬಂದ ಸ್ಫಟಿಕ ರಚನೆಗಳು, ಅಂದರೆ ಕಿಣ್ವ ಮತ್ತು ಡಿಎನ್‌ಎಯ ಪರಮಾಣು ಮಟ್ಟದ ಚಿತ್ರಗಳು, ಇದರ ಹಿಂದಿನ ಕಾರಣ ತೋರಿಸಿದವು. ಸರಿಯಾದ ಪದದ ಮೇಲೆ ಕೂತಾಗ ಇಕೋಆರ್‌ಫೈವ್ ಡಿಎನ್‌ಎಯನ್ನು ನಡುವಿನಲ್ಲಿ ಸುಮಾರು 50 ಡಿಗ್ರಿ ಬಾಗಿಸುತ್ತದೆ. ಹಾಗೆ ಬಾಗಿದಾಗ ಮಾತ್ರ ಡಿಎನ್‌ಎ ಎಳೆಯ ಬೆನ್ನಿನಲ್ಲಿ ಕತ್ತರಿಸಬೇಕಾದ ಫಾಸ್ಫೇಟ್ ಸರಿಯಾದ ಜಾಗಕ್ಕೆ ಬಂದು ಮೆಗ್ನೀಸಿಯಂ ಕೂರಲು ನೆಲೆಯಾಗುತ್ತದೆ. ತಪ್ಪು ಪದದ ಮೇಲೆ ಕೂತರೆ ಡಿಎನ್‌ಎ ಬಾಗುವುದಿಲ್ಲ, ಬಾಗದಿದ್ದರೆ ಕತ್ತರಿಯೇ ಇಲ್ಲ. ಕಿಣ್ವದ ಒಳಗೆ ಸದಾ ಸಿದ್ಧವಾಗಿ ಕೂತ ಅಲಗು ಎಂಬುದೊಂದಿಲ್ಲ. ಸರಿಯಾದ ಪದ ಎದುರಿಗೆ ಬಂದಾಗ, ಆ ಪದವನ್ನೂ ಸೇರಿಸಿಕೊಂಡು, ಅಲಗು ಆಗ ಮೂಡುತ್ತದೆ. ಇದು ಅರ್ಥವಾದ ದಿನ ಲೈಬ್ರರಿಯಿಂದ ಎದ್ದು ಹೊರಗೆ ಹೋಗಿ ಬಹಳ ಹೊತ್ತು ಸುಮ್ಮನೆ ನಡೆದಾಡಿದ್ದು ನೆನಪಿದೆ.

ಅದೇ ಹೊತ್ತಿಗೆ ಹಿರಿಯರ ನೀರಿನ ಮಾತೂ ಸ್ಪಷ್ಟವಾಯಿತು. ಇಕೋಆರ್‌ಒನ್ ತಪ್ಪು ಜಾಗದಲ್ಲಿ ಕೂತಾಗ ಅದಕ್ಕೂ ಡಿಎನ್‌ಎಗೂ ನಡುವೆ ನೀರಿನ ಪದರವೊಂದು ಉಳಿದಿರುತ್ತದೆ. ಸರಿಯಾದ ಜಾಗದಲ್ಲಿ ಕೂರುವಾಗ ಆ ನೀರು ಹೊರಗೆ ಹೋಗಿ ಎರಡೂ ನೇರವಾಗಿ ತಾಕುತ್ತವೆ. ಎರಡು ಸ್ಥಿತಿಗೂ ನಡುವಿನ ವ್ಯತ್ಯಾಸ ನೂರರ ಆಸುಪಾಸಿನಷ್ಟು ನೀರಿನ ಅಣುಗಳು ಎಂದು 1990ರ ದಶಕದಲ್ಲಿ ಅಳೆದಿದ್ದಾರೆ. ಗ್ಲಿಸರಾಲ್ ಜಾಸ್ತಿಯಾದರೆ ನೀರನ್ನು ಅದು ತನ್ನತ್ತ ಎಳೆದುಕೊಳ್ಳುತ್ತದೆ, ತಪ್ಪು ಜಾಗದಲ್ಲಿ ಇರಬೇಕಾದ ಪದರ ತೆಳುವಾಗುತ್ತದೆ, ಕಿಣ್ವ ಅಲ್ಲೂ ಒತ್ತಿಕೊಂಡು ಕೂರುತ್ತದೆ. ಇದೇ ಪ್ರಯೋಗವನ್ನು ಅಧಿಕ ಒತ್ತಡದಲ್ಲಿ ಮಾಡಿದಾಗ ಸ್ಟಾರ್ ಆಕ್ಟಿವಿಟಿ ಹಿಮ್ಮೆಟ್ಟಿತು, ಕಿಣ್ವ ಮತ್ತೆ ತನ್ನ ಪದಕ್ಕೆ ಮರಳಿತು. ಅದರ ಅರಿವಿನ ಒಂದು ಪಾಲು ಪ್ರೋಟೀನಿನ ಹೊರಗೆ, ನೀರಿನಲ್ಲಿ ಇತ್ತು.

ಸತ್ತ ಮ್ಯುಟೆಂಟ್‌ಗಳು

ಇಷ್ಟೆಲ್ಲ ತಿಳಿಯುವುದಕ್ಕೆ ಮುಂಚೆ ಒಂದೂವರೆ ವರ್ಷ ನಾನು ಇಕೋಆರ್‌ಒನ್‌ಗೆ ಬೇರೆ ಪದ ಕಲಿಸಲು ಹೊರಟಿದ್ದೆ. ಈ ಆಸೆ ನನಗಿಂತ ಬಹಳ ಹಳೆಯದು. 1986ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ರೋಸೆನ್‌ಬರ್ಗ್ ಗುಂಪು ಡಿಎನ್‌ಎ ಸಮೇತ ಇಕೋಆರ್‌ಒನ್ ರಚನೆ ಪ್ರಕಟಿಸಿದಾಗ ಡಿಎನ್‌ಎ ಅಕ್ಷರಗಳನ್ನು ಮುಟ್ಟುವ ಅಮೈನೋ ಆಮ್ಲಗಳು (ಪ್ರೋಟೀನಿನ ಸರದ ಮಣಿಗಳು) ಯಾವುವು ಎಂದು ಹೇಳಿತ್ತು: 144ನೆಯ ಗ್ಲುಟಮೇಟ್, 145 ಮತ್ತು 200ನೆಯ ಆರ್ಜಿನಿನ್‌ಗಳು. ಅವುಗಳನ್ನು ಬದಲಿಸಿದರೆ ಓದುವ ಪದವೂ ಬದಲಾದೀತು ಎಂದು ಹಲವು ಲ್ಯಾಬ್‌ಗಳು ಕೈಹಾಕಿದವು. ಸಿಕ್ಕಿದ್ದು ನಿಧಾನವಾದ ಕಿಣ್ವಗಳು, ಏನನ್ನೂ ಕತ್ತರಿಸದ ಸತ್ತ ಕಿಣ್ವಗಳು. ಹೊಸ ಪದ ಓದುವ ಕಿಣ್ವ ಸಿಗಲಿಲ್ಲ. 1990ರಲ್ಲಿ ಆ ರಚನೆಯನ್ನೇ ತಿದ್ದಿ ಮತ್ತೆ ಪ್ರಕಟಿಸಬೇಕಾಯಿತು, ಪ್ರೋಟೀನಿನ ಎಳೆಯನ್ನು ಕೆಲವು ಕಡೆ ತಪ್ಪಾಗಿ ಗುರುತಿಸಲಾಗಿತ್ತು. ತಿದ್ದಿದ ನಕ್ಷೆ ಕೈಯಲ್ಲಿದ್ದೂ ಪದ ಬದಲಾಗಲಿಲ್ಲ.

ನಾನು ಮಾಡಿದ್ದು ಅದರದೇ ಒಂದು ಸಣ್ಣ ಮುಂದುವರಿಕೆ. ಕೋಲ್ಡ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ಪ್ರೋಟೀನು ಶುದ್ಧೀಕರಿಸುವ ಕಾಲಮ್ ಮುಂದೆ ಕೂತು ಹನಿ ಎಣಿಸುತ್ತಿದ್ದ ಆ ಸಂಜೆಗಳ ಮೌನ ನನಗೆ ಇವತ್ತಿಗೂ ಇಷ್ಟ. ಪ್ರೋಟೀನು ಶುದ್ಧವಾಗಿ ಬರುತ್ತಿತ್ತು, ಜೆಲ್‌ನಲ್ಲಿ ಒಂದೇ ದಪ್ಪ ಪಟ್ಟಿ. ಅದನ್ನು ಡಿಎನ್‌ಎ ಜೊತೆ ಬೆರೆಸಿ, ಒಂದು ಗಂಟೆ, ನಾಲ್ಕು ಗಂಟೆ, ರಾತ್ರಿಯಿಡೀ ಇಟ್ಟು ನೋಡುತ್ತಿದ್ದೆ. ಕಡಿಯದ ಪ್ಲಾಸ್ಮಿಡ್ ಕಡಿಯದ ಹಾಗೇ ಇರುತ್ತಿತ್ತು. ಹೀಗೆ ಬದಲಿಸಿದ ಕಿಣ್ವ, ಅಂದರೆ ಮ್ಯುಟೆಂಟ್, ಒಂದು, ಎರಡು, ಐದು. ಆರನೆಯದರಲ್ಲಿ ಮಸುಕಾಗಿ ಎರಡು ಪಟ್ಟಿ ಕಂಡಾಗ ಕೈ ನಡುಗಿತು. ಅಳೆದು ನೋಡಿದರೆ ಅವು ಹಳೆಯ ಪದದವೇ. ಸಾಯುವ ಸ್ಥಿತಿಯಲ್ಲೂ ಅದು ತನ್ನ ಜಿಎಎಟಿಟಿಸಿಯನ್ನೇ ನೆನಪಿಟ್ಟುಕೊಂಡಿತ್ತು.

ಆಗ ಅದನ್ನು ಪ್ರೋಟೀನಿನ ಹಟ ಎಂದು ಬಗೆದಿದ್ದೆ. ಈಗ ಬೇರೆ ಥರ ಕಾಣುತ್ತದೆ. ಮಿಥೈಲ್ ಅಂಟಿಸುವ ಕಿಣ್ವ ಬೇರೆ, ಕತ್ತರಿಸುವ ಕಿಣ್ವ ಬೇರೆ, ಎರಡೂ ಜಿಎಎಟಿಟಿಸಿಯನ್ನು ತಮ್ಮ ತಮ್ಮ ರೀತಿಯಲ್ಲಿ ಪ್ರತ್ಯೇಕವಾಗಿ ಓದುತ್ತವೆ. ಕತ್ತರಿ ಒಂದೇ ಹೊಸ ಪದ ಕಲಿತರೆ ಆ ಪದದ ಮೇಲೆ ಕಾವಲಿರುವುದಿಲ್ಲ, ಬ್ಯಾಕ್ಟೀರಿಯಾ ತನ್ನ ಕತ್ತರಿಯಿಂದಲೇ ಸಾಯುತ್ತದೆ. ಒಂದೆರಡು ಅಮೈನೋ ಆಮ್ಲ ಬದಲಾದ ಮಾತ್ರಕ್ಕೆ ಹೊಸ ಪದ ಕಲಿತುಬಿಡುವ ಕಿಣ್ವವನ್ನು ಹೊತ್ತ ಜೀವಿಗಳು ಉಳಿದಿರಲಾರವು. ಓದುವುದನ್ನೂ ಕಡಿಯುವುದನ್ನೂ ಬಿಚ್ಚಲಾಗದ ಹಾಗೆ ಗಂಟುಹಾಕಿದ್ದು ಆ ಸಾವಿನ ಭಯ ಎಂದೇ ನಾನು ತಿಳಿದಿದ್ದೇನೆ. ಇದಕ್ಕೊಂದು ಎದುರು ಸಾಕ್ಷಿಯೂ ಇದೆ. ಎಂಎಂಇಒನ್ ಎಂಬ ಕಿಣ್ವದಲ್ಲಿ ಮಿಥೈಲ್ ಅಂಟಿಸುವುದೂ ಕತ್ತರಿಸುವುದೂ ಒಂದೇ ಪ್ರೋಟೀನು, ಪದ ಓದುವ ಭಾಗವೂ ಎರಡಕ್ಕೂ ಒಂದೇ. ಅಲ್ಲಿ ಪದ ಬದಲಾದರೆ ಕಾವಲೂ ಜೊತೆಗೇ ಬದಲಾಗುತ್ತದೆ. 2009ರಲ್ಲಿ ಅದರ ಸಂಬಂಧಿ ಕಿಣ್ವಗಳನ್ನು ಹೋಲಿಸಿ ನೋಡಿ, ಕೆಲವೇ ಅಮೈನೋ ಆಮ್ಲ ಬದಲಿಸಿ, ಹೊಸ ಪದ ಓದುವ ಹಾಗೆ ಮಾಡಿದರು. ಅಲ್ಲಿ ಪ್ರಕೃತಿ ಗಂಟು ಹಾಕಿರಲಿಲ್ಲ.

ಎರಡು ಕೋಣೆಯ ಮನೆ

ಗಂಟು ಬಿಚ್ಚಲು ಒದ್ದಾಡುವ ಬದಲು ಗಂಟೇ ಇಲ್ಲದ ಕಿಣ್ವ ಹುಡುಕಿದವರು ಶ್ರೀನಿವಾಸನ್ ಚಂದ್ರಸೇಗರನ್. ಸ್ಮಿತ್ ಮತ್ತು ನೇಥನ್ಸ್ ಇದ್ದ ಜಾನ್ಸ್ ಹಾಪ್‌ಕಿನ್ಸ್‌ನಲ್ಲೇ ಇವರ ಲ್ಯಾಬೂ ಇತ್ತು. ಅವರು ಕೈಗೆತ್ತಿಕೊಂಡದ್ದು ಫೋಕ್‌ಒನ್. ಈ ಕಿಣ್ವ ಜಿಜಿಎಟಿಜಿ ಎಂಬ ಐದಕ್ಷರ ಓದಿ, ಅಲ್ಲಿ ಕತ್ತರಿಸದೆ, ಒಂದು ಎಳೆಯಲ್ಲಿ 9 ಅಕ್ಷರ, ಇನ್ನೊಂದರಲ್ಲಿ 13 ಅಕ್ಷರ ಮುಂದೆ ಹೋಗಿ ಕತ್ತರಿಸುತ್ತದೆ. ಓದುವುದು ಒಂದು ಕಡೆ, ಕಡಿಯುವುದು ಇನ್ನೊಂದು ಕಡೆ ಎಂದ ಮೇಲೆ ಪ್ರೋಟೀನಿನಲ್ಲೂ ಇವೆರಡು ಬೇರೆ ಬೇರೆ ಭಾಗಗಳಾಗಿರಬೇಕಲ್ಲ?

1992ರ ಅವರ ಪ್ರಯೋಗದ ಸರಳತೆ ನನಗೆ ಬಹಳ ಪ್ರಿಯ. ಫೋಕ್‌ಒನ್‌ಗೆ ಡಿಎನ್‌ಎ ಕೊಟ್ಟು, ಅದು ಹಿಡಿದುಕೊಂಡಿರುವಾಗ ಟ್ರಿಪ್ಸಿನ್ ಹಾಕಿದರು. ಟ್ರಿಪ್ಸಿನ್ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವ, ಸಡಿಲವಾಗಿ ಹೊರಗೆ ಚಾಚಿದ ಕಡೆ ಮೊದಲು ಬಾಯಿ ಹಾಕುತ್ತದೆ. ಫೋಕ್‌ಒನ್ ಎರಡು ಅಚ್ಚುಕಟ್ಟಾದ ತುಂಡಾಯಿತು. 41 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ತೂಗುವ ತುಂಡು ಡಿಎನ್‌ಎ ಪದವನ್ನು ಹಿಡಿಯುತ್ತಿತ್ತು, ಕಡಿಯುತ್ತಿರಲಿಲ್ಲ. 25 ಕಿಲೋಡಾಲ್ಟನ್‌ನದು ಪದದ ಗೊಡವೆಯೇ ಇಲ್ಲದೆ ಕಡಿಯುತ್ತಿತ್ತು. ಮರುವರ್ಷ ಎರಡರ ನಡುವೆ ಒಂದಿಷ್ಟು ಅಮೈನೋ ಆಮ್ಲ ಹೆಚ್ಚುವರಿ ಸೇರಿಸಿದರು, ಕತ್ತರಿಸುವ ಜಾಗ ಒಂದಕ್ಷರ ಆಚೆ ಸರಿಯಿತು. ನನ್ನ ಒಂದೂವರೆ ವರ್ಷದ ಸತ್ತ ಮ್ಯುಟೆಂಟ್‌ಗಳ ಪಕ್ಕದಲ್ಲಿಟ್ಟು ಈ ಲೇಖನ ಓದಿದಾಗ ನೋವಾಗಲಿಲ್ಲ, ಸಂತೋಷವೇ ಆಯಿತು. ಯಾವ ಪ್ರೋಟೀನನ್ನು ಕೇಳಬೇಕೆಂದು ತಿಳಿದವರು ಕೇಳಿದ ಪ್ರಶ್ನೆ ಅದು.

ಆಮೇಲೆ ಓದುವ ಭಾಗವನ್ನೇ ಬದಲಿಸುವ ಕೆಲಸ. ಮೊದಲು ನೊಣದ ಒಂದು ಪ್ರೋಟೀನಿನ ಡಿಎನ್‌ಎ ಹಿಡಿಯುವ ಭಾಗ ಜೋಡಿಸಿದರು, ಆಮೇಲೆ 1996ರಲ್ಲಿ ಜಿಂಕ್ ಫಿಂಗರ್‌ಗಳನ್ನು. ಏರನ್ ಕ್ಲುಗ್ ಗುಂಪು 1985ರಲ್ಲಿ ಕಪ್ಪೆಯ ಪ್ರೋಟೀನೊಂದರಲ್ಲಿ ಗುರುತಿಸಿದ ಈ ಸತುವಿನ ಬೆರಳುಗಳು ತಲಾ ಮೂವತ್ತು ಅಮೈನೋ ಆಮ್ಲದಷ್ಟೇ ಉದ್ದ, ನಡುವಿನಲ್ಲೊಂದು ಸತುವಿನ ಅಯಾನು. ಒಂದೊಂದು ಬೆರಳು ಸುಮಾರು ಮೂರು ಅಕ್ಷರ ಓದುತ್ತದೆ ಎಂದು 1991ರ ಪಾವ್ಲೆಟಿಚ್ ಮತ್ತು ಪೇಬೋ ಅವರ ರಚನೆ ತೋರಿಸಿತ್ತು. ಮೂರು ಬೆರಳು, ಒಂಬತ್ತು ಅಕ್ಷರ. ಮಣಿ ಪೋಣಿಸಿದ ಹಾಗೆ ಬೆರಳು ಪೋಣಿಸಿ ಬೇಕಾದ ಪದ ಬರೆಯಬಹುದು ಎಂಬ ಭರವಸೆ ಪೂರ್ತಿ ನಿಜವಾಗಲಿಲ್ಲ, ಪಕ್ಕದ ಬೆರಳು ಯಾವುದು ಎಂಬುದರ ಮೇಲೆ ಓದು ಬದಲಾಗುತ್ತಿತ್ತು. ಆದರೂ ದಾರಿ ತೆರೆದಿತ್ತು. 2002ರಲ್ಲಿ ಡೇನಾ ಕ್ಯಾರಲ್ ಗುಂಪು ನೊಣಗಳಲ್ಲಿ ಯೆಲ್ಲೋ ಎಂಬ ಜೀನನ್ನು ಹೀಗೆ ಕತ್ತರಿಸಿತು. 2014ರಲ್ಲಿ ಎಚ್‌ಐವಿ ಇದ್ದ 12 ಜನರಿಗೆ, ಅವರದೇ ಜೀವಕೋಶಗಳಲ್ಲಿ ವೈರಸ್ಸಿಗೆ ಬಾಗಿಲಾಗುವ ಸಿಸಿಆರ್5 ಜೀನನ್ನು ಇಂಥ ಕಿಣ್ವದಿಂದ ಕೆಡಿಸಿ ವಾಪಸು ಕೊಟ್ಟ ಪ್ರಯೋಗದ ವರದಿ ಬಂತು.

ಬಿಚ್ಚಿದ ಮೇಲೆ

ಓದುವುದನ್ನು ಕಡಿಯುವುದರಿಂದ ಬಿಡಿಸಿದ ಕೂಡಲೇ ಒಂದು ಹೊಸ ಹೊಣೆ ಬಂದು ಹೆಗಲ ಮೇಲೆ ಕೂತಿತು. ಇಕೋಆರ್‌ಫೈವ್‌ನಲ್ಲಿ ತಪ್ಪು ಪದ ಹಿಡಿದರೆ ಅಲಗೇ ಮೂಡುವುದಿಲ್ಲ. ಜಿಂಕ್ ಫಿಂಗರ್‌ಗೆ ಅಂಟಿಸಿದ ಫೋಕ್‌ಒನ್ ಅಲಗಿಗೆ ಪದ ಸರಿಯೋ ತಪ್ಪೋ ತಿಳಿಯದು, ಬೆರಳು ಎಲ್ಲಿ ಕೂತರೆ ಅದರ ಪಕ್ಕದಲ್ಲಿ ಕಡಿಯುತ್ತದೆ. ಹಿಡಿಯುವುದೇ ಈಗ ಒಂದೇ ಪರೀಕ್ಷೆ. ಹತ್ತು ಲಕ್ಷ ಪಟ್ಟಿನ ಆ ಎಚ್ಚರ ಎಲ್ಲಿಂದ ತರುವುದು?

ಒಂದು ಪಾಲು ಎಚ್ಚರ ಫೋಕ್‌ಒನ್ ಒಳಗೇ ಇತ್ತು. ಅದರ ಅಲಗು ಒಂಟಿಯಾಗಿ ಕಡಿಯುವುದಿಲ್ಲ, ಎರಡು ಅಲಗು ಜೋಡಿಯಾಗಬೇಕು ಎಂಬುದು 1998ರಲ್ಲಿ ಖಚಿತವಾಯಿತು. ಹಾಗಾದರೆ ಎಡಕ್ಕೊಂದು ಬಲಕ್ಕೊಂದು, ಎರಡು ಕಿಣ್ವ ಅಕ್ಕಪಕ್ಕದ ಪದಗಳ ಮೇಲೆ ಕೂತಾಗ ಮಾತ್ರ ಕತ್ತರಿ. ಒಂಬತ್ತು ಮತ್ತು ಒಂಬತ್ತು, ಹದಿನೆಂಟು ಅಕ್ಷರ. ಹದಿನೆಂಟು ಅಕ್ಷರದ ಪದಗಳು ಒಟ್ಟು ಸುಮಾರು 6,870 ಕೋಟಿ, ಮನುಷ್ಯನ ಜೀನೋಮ್ ಸುಮಾರು 320 ಕೋಟಿ ಅಕ್ಷರ. ಲೆಕ್ಕದಲ್ಲಾದರೂ ಪದ ಒಂದೇ ಕಡೆ ಇರುತ್ತದೆ. ಆದರೂ ಎಡದ್ದು ಇನ್ನೊಂದು ಎಡದ್ದರ ಜೊತೆಗೇ ಕೂಡಿಕೊಂಡು ಬೇರೆ ಕಡೆ ಕಡಿಯುವುದು ತಪ್ಪಲಿಲ್ಲ. 2007ರಲ್ಲಿ ಎರಡು ಗುಂಪುಗಳು ಅಲಗುಗಳು ಕೂಡುವ ಮುಖದ ಅಮೈನೋ ಆಮ್ಲಗಳನ್ನು ಬದಲಿಸಿ, ಎಡದ್ದು ಬಲದ್ದರ ಜೊತೆ ಮಾತ್ರ ಸೇರುವ ಹಾಗೆ ಮಾಡಿದವು. ಕತ್ತರಿಸುವ ಶಕ್ತಿ ಹೆಚ್ಚಿಸುವ ಕೆಲಸ ಇದಲ್ಲ. ಯಾವಾಗ ಸುಮ್ಮನಿರಬೇಕೆಂದು ಪ್ರೋಟೀನಿಗೆ ಕಲಿಸುವ ಕೆಲಸ. ಪ್ರೋಟೀನ್ ವಿನ್ಯಾಸದಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವುದು ಇಂಥ ಕೆಲಸವನ್ನು.

2012ರಲ್ಲಿ ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ವಿಧಾನ ಬಂದ ಮೇಲೆ ಓದುವ ಕೆಲಸ ಆರ್‌ಎನ್‌ಎಗೆ ಹೋಯಿತು, ಹೊಸ ಪದಕ್ಕೆ ಹೊಸ ಪ್ರೋಟೀನು ಕಟ್ಟುವ ಕಷ್ಟ ತಪ್ಪಿತು. ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅಲ್ಲೂ ತಪ್ಪು ಜಾಗದಲ್ಲಿ ಕಡಿಯುವುದೇ ದೊಡ್ಡ ಚಿಂತೆ ಎಂಬುದನ್ನಷ್ಟೇ ಹೇಳುತ್ತೇನೆ.

ನನ್ನ ಹಳೆಯ ಆಸೆ, ಗಂಟು ಬಿಚ್ಚದೆ ಪದ ಬದಲಿಸುವುದು, ಒಂದು ಕಡೆ ಈಡೇರಿದೆ. 2006ರಲ್ಲಿ ಸಿಯಾಟಲ್‌ನಲ್ಲಿ ಡೇವಿಡ್ ಬೇಕರ್ ಮತ್ತು ಬ್ಯಾರಿ ಸ್ಟಾಡರ್ಡ್ ಗುಂಪುಗಳು ಹಸಿರು ಪಾಚಿಯೊಂದರಿಂದ ಬಂದ ಐ-ಎಂಎಸ್‌ಒಒನ್ ಎಂಬ ಕಿಣ್ವವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಬದಲಿಸಿದವು. ಬದಲಾದ ಪದವನ್ನು ಹೊಸ ಕಿಣ್ವ ಹಳೆಯದಕ್ಕಿಂತ ಸುಮಾರು 10,000 ಪಟ್ಟು ಚೆನ್ನಾಗಿ ಕಡಿಯಿತು. ಅದಕ್ಕಿಂತ ಮುಖ್ಯವಾಗಿ, ಸರಿ ತಪ್ಪುಗಳ ನಡುವಿನ ಭೇದವನ್ನು ಮೂಲ ಕಿಣ್ವದಷ್ಟೇ ಉಳಿಸಿಕೊಂಡಿತು. ಬೇಕರ್ ಅವರಿಗೆ 2024ರ ನೊಬೆಲ್ ಬಂದ ದಿನ ಎಲ್ಲರೂ ಹೊಚ್ಚ ಹೊಸ ಪ್ರೋಟೀನುಗಳ ಬಗ್ಗೆ ಮಾತಾಡುತ್ತಿದ್ದಾಗ ನಾನು ಈ ಹಳೆಯ ಲೇಖನ ತೆಗೆದು ಭೇದ ಉಳಿಸಿಕೊಂಡ ಆ ಎರಡನೇ ಮಾತನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ.

ಆ ಎಂಟು ಪಟ್ಟಿಗಳ ಫೋಟೋ ನನ್ನ ಹತ್ತಿರ ಇನ್ನೂ ಇದೆ. ಕೆಲವು ತಿಂಗಳ ಹಿಂದೆ ಅದನ್ನು ಮುಂದಿಟ್ಟುಕೊಂಡು, ಪ್ಲಾಸ್ಮಿಡ್‌ನ ಪೂರ್ತಿ ಅಕ್ಷರಮಾಲೆ ತೆರೆದು, ಒಂದೊಂದು ಪಟ್ಟಿಯ ಉದ್ದಕ್ಕೂ ಲೆಕ್ಕ ಹಾಕಿದೆ. ಎಲ್ಲವೂ ಸಿಕ್ಕಿದವು. ಕಿಣ್ವ ತಪ್ಪಿ ಕಡಿದ ಪ್ರತಿಯೊಂದು ಜಾಗವೂ ಜಿಎಎಟಿಟಿಸಿಗೆ ಒಂದೇ ಅಕ್ಷರ ದೂರದ್ದು. ಆ ಹದಿನೆಂಟು ನೆರೆಯವರಲ್ಲಿ ನಡುವಿನ ಎಎಟಿಟಿಯೊಳಗೆ ಎ ಇದ್ದಲ್ಲಿ ಟಿ, ಟಿ ಇದ್ದಲ್ಲಿ ಎ ಬಂದ ಪದಗಳನ್ನು ಇಕೋಆರ್‌ಒನ್ ಈ ಸ್ಥಿತಿಯಲ್ಲೂ ಮುಟ್ಟುವುದಿಲ್ಲ ಎಂದು ಓದಿದ್ದೆ. ನನ್ನ ಪ್ಲಾಸ್ಮಿಡ್‌ನಲ್ಲಿ ಅಂಥ ಜಾಗ ಒಂದಿತ್ತು, ಜಿಎಟಿಟಿಟಿಸಿ. ಅಲ್ಲಿ ಕಡಿದಿದ್ದರೆ ಬರಬೇಕಿದ್ದ ಪಟ್ಟಿ ಎಲ್ಲಿರಬೇಕೆಂದು ಸ್ಕೇಲ್ ಇಟ್ಟು ನೋಡಿದೆ. ಫೋಟೋದಲ್ಲಿ ಆ ಜಾಗ ಕಪ್ಪಗೆ ಖಾಲಿಯಾಗಿತ್ತು. ಅಷ್ಟು ಗ್ಲಿಸರಾಲ್‌ನಲ್ಲಿ, ಇಡೀ ರಾತ್ರಿ, ಅದು ಆ ಜಾಗವನ್ನು ಹಾಗೇ ಬಿಟ್ಟಿತ್ತು.